ಕೀಲಿಮಣೆಯೊಳಗಿನ ಗುಮ್ಮಟ

ಗುಮ್ಮಟವೆಂದೊಡನೆ ನಮ್ಮ ಕಡೆಯವರಿಗೆ ವಿಜಾಪುರವೇ ನೆನಪಾಗುತ್ತದೆ. ಆದರೆ ದೇವದುರ್ಗದ ಶಾಲೆಯಲ್ಲಾಗಲಿ ರಾಯಚೂರಿನ ಕಚೇರಿಯಲ್ಲಾಗಲಿ, ಗಣಕದ ಅಗ್ಗದ ಕೀಲಿಮಣೆಯೊಂದನ್ನು ಬಿಚ್ಚಿ ನೋಡಿರಿ: ಒಂದೊಂದು ಗುಂಡಿಯ ಅಡಿಯಲ್ಲಿಯೂ ರಬ್ಬರಿನ ಕಿರುಗುಮ್ಮಟವೊಂದು ಕುಳಿತಿರುತ್ತದೆ. ಕನ್ನಡದ ಒತ್ತಕ್ಷರಕ್ಕೂ ಇದಕ್ಕೂ ಒಂದು ನಂಟುಂಟು.

ಮೊದಲು ಬಂದದ್ದು ಬೆರಳಚ್ಚು ಯಂತ್ರ. 1874ರಲ್ಲಿ ಅಮೆರಿಕದ ರೆಮಿಂಗ್ಟನ್ ಸಂಸ್ಥೆಯವರು ಮಾರಾಟಕ್ಕೆ ತಂದ ಯಂತ್ರದಲ್ಲಿ ಕೀಲಿಯನ್ನು ಒತ್ತಿದರೆ ಸರಳೊಂದು ಎದ್ದು ಅಚ್ಚನ್ನು ಹೊಡೆಯುತ್ತಿತ್ತು. ಇಂಗ್ಲಿಷಿಗೆ 26 ಅಕ್ಷರಗಳು, ಅಲ್ಲಿಗೆ ಸಾಕು. ನಮ್ಮಲ್ಲಿಯೋ 34 ವ್ಯಂಜನಗಳಿಗೆ ತಲಾ 15 ರೂಪಗಳಂತೆ ಕಾಗುಣಿತವೇ 510! ಒತ್ತಕ್ಷರಗಳ ಲೆಕ್ಕ ಬೇರೆ. ಅನಂತಸುಬ್ಬರಾಯರಂಥವರು ತಲೆಕಟ್ಟು, ಗುಡಿಸು, ಕೊಂಬು, ಒತ್ತುಗಳನ್ನು ಬಿಡಿಬಿಡಿಯಾಗಿ ಜೋಡಿಸಿ ಕನ್ನಡವನ್ನು ಆ ಇಕ್ಕಟ್ಟಿನೊಳಗೆ ಕೂಡಿಸಬೇಕಾಯಿತು.

ಈ ಕೆಲಸದ ಬೆಲೆ ನಮ್ಮ ಸೀಮೆಗೆ ಚೆನ್ನಾಗಿ ಗೊತ್ತು. 1948ರವರೆಗೆ ನಿಜಾಮರ ಉರ್ದು ಆಡಳಿತದಲ್ಲಿದ್ದ ರಾಯಚೂರು ಜಿಲ್ಲೆ 1956ರಲ್ಲಿ ಮೈಸೂರು ರಾಜ್ಯವನ್ನು ಸೇರಿತು. 1963ರಲ್ಲಿ ಕನ್ನಡವು ಆಡಳಿತ ಭಾಷೆಯೆಂದು ಶಾಸನವಾಯಿತು. ಶಾಸನವಾದರೆ ಸಾಲದಷ್ಟೆ, ಕಾಗದದ ಮೇಲೆ ಅಕ್ಷರ ಮೂಡಬೇಕು.

ಇನ್ನು ಗಣಕದ ಮಾತು. 1981ರ ಐಬಿಎಂ ಗಣಕದ ಕೀಲಿಗಳಡಿಯಲ್ಲಿ ಬಾಗುವ ಸ್ಪ್ರಿಂಗುಗಳಿದ್ದವು. ಗಟ್ಟಿ, ಆದರೆ ದುಬಾರಿ. 1982ರಲ್ಲಿ ಇಂಗ್ಲೆಂಡಿನ ಸಿಂಕ್ಲೇರ್ ಸ್ಪೆಕ್ಟ್ರಮ್ ಎಂಬ ಅಗ್ಗದ ಗಣಕವು ರಬ್ಬರು ಕೀಲಿಗಳೊಡನೆ ಬಂದಿತು. ಮುಂದೆ ಗಣಕಗಳ ಬೆಲೆ ಇಳಿದಂತೆ ರಬ್ಬರು ಗುಮ್ಮಟದ ಕೀಲಿಮಣೆಯೇ ಎಲ್ಲೆಲ್ಲಿಯೂ ಹಬ್ಬಿತು.

ಅದರ ರಚನೆ ಸರಳ. ಗುಮ್ಮಟಗಳ ಅಡಿಯಲ್ಲಿ ಮೂರು ಪ್ಲಾಸ್ಟಿಕ್ ಹಾಳೆಗಳು. ಮೇಲಿನದಕ್ಕೂ ಕೆಳಗಿನದಕ್ಕೂ ವಿದ್ಯುತ್ತು ಹರಿಯುವ ಗೆರೆಗಳು, ನಡುವಿನದಕ್ಕೆ ತೂತುಗಳು. ಗುಂಡಿಯನ್ನು ಒತ್ತಿದಾಗ ಗುಮ್ಮಟ ಕುಸಿಯುತ್ತದೆ, ತೂತಿನ ಮೂಲಕ ಹಾಳೆಗಳೆರಡೂ ಮುಟ್ಟುತ್ತವೆ. ಬೆರಳೆತ್ತಿದರೆ ಗುಮ್ಮಟವು ತಾನೇ ಎದ್ದು ನಿಲ್ಲುತ್ತದೆ. ಇಷ್ಟರಿಂದ ಗಣಕಕ್ಕೆ ತಿಳಿಯುವುದು ಯಾವ ಸಾಲು, ಯಾವ ಕಂಬ ಎಂಬುದು ಮಾತ್ರ; ಅಕ್ಷರವಲ್ಲ.

ಇಲ್ಲಿಯೇ ಕನ್ನಡಕ್ಕೆ ಬಿಡುಗಡೆ ದೊರೆತದ್ದು. ಅಕ್ಷರವು ಸರಳಿನ ತುದಿಯನ್ನು ಬಿಟ್ಟು ತಂತ್ರಾಂಶಕ್ಕೆ ಹೋಯಿತು. ಮಂಗಳೂರು ಸೀಮೆಯ ಕೆ. ಪಿ. ರಾವ್ ಅವರು ಉಚ್ಚಾರಣೆಯನ್ನು ಅನುಸರಿಸುವ ಕೀಲಿ ವಿನ್ಯಾಸವನ್ನು ರೂಪಿಸಿದರು. ಅದನ್ನಾಧರಿಸಿದ ವಿನ್ಯಾಸವೇ ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದಲ್ಲಿದೆ. ‘ದೇವದುರ್ಗ’ ಎಂಬ ಪದಕ್ಕೆ ಎಂಟು ಒತ್ತುಗಳು ಸಾಕು: ದ, ಏ, ವ, ದ, ಉ, ರ, ಹಲಂತ, ಗ. ವ್ಯಾಕರಣದ ಸಂಧಿಬಿಡಿಸಿದಂತೆಯೇ ಅಲ್ಲವೆ? ಅರ್ಕಾವೊತ್ತನ್ನು ಗಣಕವೇ ಬರೆದುಕೊಳ್ಳುತ್ತದೆ.

ಒಂದು ಕೊರತೆ ಮಾತ್ರ ಉಳಿದಿದೆ. ಗುಂಡಿಗಳ ಮೇಲೆ ಸಾಮಾನ್ಯವಾಗಿ ಅಚ್ಚಾಗಿರುವುದು ರೋಮನ್ ಲಿಪಿ. ಕನ್ನಡ ಶಾಲೆಯ ಮಗು ತನ್ನ ‘ಕ’ಕಾರವನ್ನು ‘ಕೆ’ ಎಂಬ ಗುಂಡಿಯಲ್ಲಿ ಹುಡುಕಬೇಕು. 1986ರ ಇನ್‌ಸ್ಕ್ರಿಪ್ಟ್ ವಿನ್ಯಾಸಕ್ಕೆ ಆ ಹಂಗಿಲ್ಲ. ಎಡಗೈಗೆ ಸ್ವರ, ಬಲಗೈಗೆ ವ್ಯಂಜನ. ಆದರೆ ಗುಂಡಿಯ ಮೇಲೆ ಕನ್ನಡ ಕಾಣದಿದ್ದರೆ ಅದನ್ನು ಕಲಿಯುವುದು ಹೇಗೆ? ಕೆಳಗಿನ ಗುಮ್ಮಟಕ್ಕೆ ಯಾವ ಭಾಷೆಯಾದರೂ ಒಂದೇ. ಮೇಲಿನ ಅಕ್ಷರ ಯಾವುದಿರಬೇಕೆಂಬುದನ್ನು ನಿಶ್ಚಯಿಸಬೇಕಾದವರು ಕೊಳ್ಳುವವರಾದ ನಾವೇ.