ಅತಿಥಿಯ ಕೋಣೆ, ಆತಿಥೇಯನ ಮನೆ: ಮಣಿಭವನದಲ್ಲಿ ವಿವರಣೆಯ ಚರಿತ್ರೆ

ಮುಂಬಯಿಯ ಗಾಮದೇವಿಯಲ್ಲಿ, ಲ್ಯಾಬರ್ನಮ್ ರೋಡಿನ ಮಣಿಭವನಕ್ಕೆ ಹೋದವರು ಮುಖ್ಯವಾಗಿ ಎರಡನೇ ಮಹಡಿಯ ಒಂದು ಕೋಣೆಯನ್ನು ನೋಡಿ ಬರುತ್ತಾರೆ. ನೆಲಕ್ಕೆ ಹಾಸಿದ ಹಾಸಿಗೆ, ರಾಟೆ, ಗಾಜಿನಾಚೆ ಕಾಣುವ ಬೆರಳೆಣಿಕೆಯ ಸಾಮಾನು. 1917ರಿಂದ 1934ರವರೆಗೆ ಗಾಂಧೀಜಿ ಮುಂಬಯಿಗೆ ಬಂದಾಗ ಹೆಚ್ಚಾಗಿ ಇಳಿದುಕೊಳ್ಳುತ್ತಿದ್ದದ್ದು ಇಲ್ಲಿಯೇ. ಆದರೆ ಮನೆ ಅವರದಲ್ಲ, ವಜ್ರಾಭರಣದ ವ್ಯಾಪಾರಿ ರೇವಾಶಂಕರ ಜಗಜೀವನ ಝವೇರಿಯವರದು. ‘ಗಾಂಧಿಯ ಮನೆ’ ಎಂದು ಪರಿಚಯಿಸಿದೊಡನೆ ಈ ಕಟ್ಟಡದ ಅರ್ಧ ಚರಿತ್ರೆ ಕಳಚಿಹೋಗುತ್ತದೆ, ಅದನ್ನು ಮರಳಿ ಸೇರಿಸುವುದೇ ಇಲ್ಲಿ ವಿವರಣೆ ಕೊಡುವವರ ಮೊದಲ ಕೆಲಸ ಎಂಬುದು ಈ ಲೇಖನದ ವಾದ.

ರೇವಾಶಂಕರರು ಡಾ. ಪ್ರಾಣಜೀವನ ಮೆಹ್ತಾ ಅವರ ಸಹೋದರ. 1891ರಲ್ಲಿ ಬ್ಯಾರಿಸ್ಟರ್ ಆಗಿ ಇಂಗ್ಲೆಂಡಿನಿಂದ ಮರಳಿದ ಗಾಂಧಿ ಮೊದಲು ಪರಿಚಯವಾದದ್ದು ಈ ಕುಟುಂಬಕ್ಕೆ. ಅವರ ಮನಸ್ಸನ್ನು ಆಳವಾಗಿ ತಟ್ಟಿದ ಜೈನ ಚಿಂತಕ ರಾಯಚಂದಭಾಯಿ ಇದೇ ಮನೆತನದ ಅಳಿಯ, ರೇವಾಶಂಕರರ ಹೆಸರಿನ ಆಭರಣದ ಅಂಗಡಿಯಲ್ಲಿ ಪಾಲುದಾರ. ಅಂದರೆ ಮಣಿಭವನದ ಬಾಗಿಲು ತೆರೆದದ್ದು ಚಳವಳಿಯ ನಾಯಕನಿಗಲ್ಲ, ಇಪ್ಪತ್ತೈದು ವರ್ಷದ ಹಳೆಯ ಬಳಕೆಯವನಿಗೆ. 1919ರ ಏಪ್ರಿಲ್ 7ರಂದು ಪತ್ರಿಕಾ ಕಾನೂನನ್ನು ಬೇಕೆಂದೇ ಮುರಿದು, ನೋಂದಣಿಯಿಲ್ಲದ ‘ಸತ್ಯಾಗ್ರಹಿ’ ಪತ್ರಿಕೆಯನ್ನು ಹೊರಡಿಸಿದ ಅತಿಥಿಯನ್ನು ಮನೆಯಲ್ಲಿಟ್ಟುಕೊಳ್ಳುವುದು ಒಬ್ಬ ವ್ಯಾಪಾರಿಗೆ ಎಂಥ ಅಪಾಯ ಎಂದು ಶಾಲೆಯ ಮಕ್ಕಳನ್ನು ಕೇಳಿನೋಡಬೇಕು. ಗಾಂಧಿಯ ಸರಳತೆಯನ್ನು ಮೆಚ್ಚುವ ನಾವು ಆ ಸರಳತೆಗೆ ಸೂರು ಕೊಟ್ಟ ಸಿರಿವಂತಿಕೆಯ ಮುಂದೆ ಯಾಕೋ ಸುಮ್ಮನಾಗಿಬಿಡುತ್ತೇವೆ.

ಕಲಿಸುವ ಕೆಲಸ ಇಲ್ಲಿ ಸಂಗ್ರಹಾಲಯದೊಂದಿಗೆ ಶುರುವಾದದ್ದೂ ಅಲ್ಲ. ಈ ಮನೆಯಲ್ಲಿ ಮೊದಲು ವಿದ್ಯಾರ್ಥಿಯಾದವರು ಗಾಂಧಿಯೇ. ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿದ್ದಾಗ ಕೋಣೆಯಲ್ಲಿ ರಾಟೆ ತಿರುಗತೊಡಗಿತು. ಅದರ ಗುಂಯ್‌ಗುಟ್ಟುವಿಕೆಗೂ ತಮ್ಮ ಆರೋಗ್ಯಕ್ಕೂ ಸಂಬಂಧವಿತ್ತೆಂದು ಅವರು ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ನೂಲಲು ಹಂಜಿ ಬೇಕಾಯಿತು. ಮನೆಯ ಮುಂದೆ ದಿನವೂ ಬಿಲ್ಲು ಮಿಡಿಯುತ್ತ ಹೋಗುತ್ತಿದ್ದ ಪಿಂಜಾರನನ್ನು ಕರೆಸಿದರು. ಹಾಸಿಗೆಗೆ ತುಂಬುವ ಹತ್ತಿಯನ್ನು ಹಿಂಜುವುದು ಅವನ ಕಸುಬು. ಹಂಜಿಗೂ ಹಿಂಜಿಕೊಡಲು ಒಪ್ಪಿದ, ಆದರೆ ದುಬಾರಿ ಬೆಲೆ ಕೇಳಿದ, ಗಾಂಧಿ ಕೊಟ್ಟರು. ಹೀಗೆ ಬಂದ ನೂಲು ಪವಿತ್ರ ಏಕಾದಶಿಯ ಮಾಲೆಗಳಿಗಾಗಿ ವೈಷ್ಣವ ಮಿತ್ರರ ಕೈಸೇರಿತು. ಖಾದಿಯ ಚರಿತ್ರೆಯಲ್ಲಿ ಹೆಸರಿಲ್ಲದೆ ಉಳಿದ ಈ ಪಿಂಜಾರನನ್ನು ಬಿಟ್ಟು ಗಾಜಿನಾಚೆಯ ರಾಟೆಯನ್ನು ವಿವರಿಸಿದರೆ ಅದು ಬರೀ ಪೂಜೆಯ ವಸ್ತುವಾಗುತ್ತದೆ. ಕಸುಬು ಬಲ್ಲವನೊಬ್ಬ ಬೀದಿಯಲ್ಲಿದ್ದ, ಬೇಕೆಂದವರು ಅವನನ್ನು ಒಳಗೆ ಕರೆದರು, ಬೆಲೆಯ ಮಾತಾಯಿತು ಎನ್ನುವಲ್ಲಿ ಮಕ್ಕಳಿಗೆ ಹಿಡಿತ ಸಿಗುತ್ತದೆ.

1955ರಲ್ಲಿ ಮನೆ ಸ್ಮಾರಕವಾಯಿತು. ಆಗ ಎದುರಾದ ಸಮಸ್ಯೆಯೇ ಇಂದಿನ ವಿವರಣೆಯ ಸ್ವರೂಪವನ್ನು ನಿರ್ಧರಿಸಿತೆಂದು ನನ್ನ ಊಹೆ. ಸಾಬರಮತಿಯಲ್ಲಿ ಗಾಂಧಿ ಬಾಳಿದ ‘ಹೃದಯಕುಂಜ’ವನ್ನು ಮನೆಯಾಗಿಯೇ ಉಳಿಸಿ, ಚಾರ್ಲ್ಸ್ ಕೊರಿಯಾ ವಿನ್ಯಾಸದ ಸಂಗ್ರಹಾಲಯವನ್ನು 1963ರಲ್ಲಿ ಪಕ್ಕದಲ್ಲಿ ಬೇರೆಯಾಗಿಯೇ ತೆರೆಯಲು ಸಾಧ್ಯವಾಯಿತು. ಗಾಮದೇವಿಯಲ್ಲಿ ಅಂಥ ಬಯಲೆಲ್ಲಿ? ಗ್ರಂಥಾಲಯ ಕೆಳಗೆ, ಚಿತ್ರಗಳೂ ಪತ್ರಗಳೂ ಮೊದಲ ಮಹಡಿಯಲ್ಲಿ, ಕೋಣೆ ಎರಡನೆಯದರಲ್ಲಿ. ಎಲ್ಲವೂ ಒಂದೇ ಮನೆಯೊಳಗೆ, ಮೆಟ್ಟಿಲಿನ ಗುಂಟ ಸೇರಬೇಕಾಯಿತು. ಅಪರಿಗ್ರಹಿಯೊಬ್ಬನ ಸ್ಮಾರಕದಲ್ಲಿ ತೋರಿಸಲು ವಸ್ತುಗಳೂ ಕಡಿಮೆ. ಆ ಖಾಲಿಯನ್ನು ತುಂಬಿದ್ದು ಸುಶೀಲಾ ಗೋಖಲೆ-ಪಟೇಲ್ ರಚಿಸಿದ ಪುಟ್ಟ ಗೊಂಬೆಗಳ ದೃಶ್ಯಾವಳಿ. ಪೋರಬಂದರಿನ ಬಾಲ್ಯದಿಂದ ಕೊನೆಯವರೆಗೆ 25ಕ್ಕೂ ಹೆಚ್ಚು ದೃಶ್ಯಗಳು. ಚಿಣ್ಣರು ಮೂಗನ್ನು ಗಾಜಿಗೆ ಒತ್ತಿ ನಿಲ್ಲುವುದು ಇವುಗಳ ಮುಂದೆಯೇ. ನಮ್ಮ ಮನೆಗಳ ದಸರಾ ಗೊಂಬೆಯಂತೆ ಇವುಗಳಿಗೂ ಪಕ್ಕದಲ್ಲಿ ಕೂತು ಕಥೆ ಹೇಳುವವರು ಬೇಕು. ತೊಡಕೆಂದರೆ, ಗೊಂಬೆಗಳು ಹೇಳುವುದು ವ್ಯಕ್ತಿಯ ಕಥೆ, ಮನೆಯದಲ್ಲ.

ಈ ತೊಡಕು ಹಳೆಯದು. 1858ರಲ್ಲಿ ಅಮೆರಿಕದ ಮಹಿಳಾ ಸಂಘವೊಂದು ಜಾರ್ಜ್ ವಾಷಿಂಗ್ಟನ್ನರ ಮೌಂಟ್ ವರ್ನನ್ ಮನೆಯನ್ನು ಕೊಂಡು ಉಳಿಸಿತು. ಅಲ್ಲಿ ದುಡಿದ ಗುಲಾಮರ ಬದುಕು ಪ್ರವಾಸಿಗರಿಗೆ ಹೇಳುವ ಕಥೆಯೊಳಗೆ ಬರಲು ಒಂದು ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು. ವಿವರಣೆಯ ಗುರಿ ಪಾಠ ಒಪ್ಪಿಸುವುದಲ್ಲ, ಕೆಣಕುವುದು ಎಂದು ಅಮೆರಿಕದವರೇ ಆದ ಲೇಖಕ ಫ್ರೀಮನ್ ಟಿಲ್ಡನ್ ಪುಸ್ತಕ ಬರೆದದ್ದು 1957ರಲ್ಲಿ, ಮಣಿಭವನ ಸ್ಮಾರಕವಾದ ಎರಡೇ ವರ್ಷಕ್ಕೆ.

ಮಣಿಭವನದಲ್ಲಿ ಬಹುಕಾಲ ಸಾಕ್ಷಿಗಳೇ ಶಿಕ್ಷಕರಾಗಿದ್ದರು. ಸಂಸ್ಥೆಯ ಅಧ್ಯಕ್ಷೆಯಾಗಿದ್ದ ಉಷಾ ಮೆಹ್ತಾ (1920–2000) ರಾಜ್ಯಶಾಸ್ತ್ರದ ಪ್ರಾಧ್ಯಾಪಕಿ. ಅದಕ್ಕಿಂತ ಮುಂಚೆ, 1942ರಲ್ಲಿ, ಇದೇ ನಗರದಲ್ಲಿ ಗುಪ್ತ ಕಾಂಗ್ರೆಸ್ ರೇಡಿಯೊ ನಡೆಸಿ ಸೆರೆಮನೆ ಕಂಡವರು. ಅಂಥವರ ಮಾತಿಗೆ ಫಲಕ ಬೇಡ. ಆ ಪೀಳಿಗೆ ಹೋದಮೇಲೆ ಉಳಿದದ್ದು ದಾಖಲೆ. ಅದನ್ನು ಉಪಯೋಗಿಸುವ ಕೌಶಲವೇ ಈಗ ಶಿಕ್ಷಕನ ಬಂಡವಾಳ. 1959ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಇಲ್ಲಿ ತಂಗಿದ್ದು, 2010ರಲ್ಲಿ ಒಬಾಮ ಬಂದುಹೋದದ್ದು ಪ್ರವಾಸಿಗರಿಗೆ ಹಿಡಿಸುವ ಸಂಗತಿಗಳು. ಆದರೆ ಕೊನೆಗೆ ಅವು ಅತಿಥಿಗಳ ಪಟ್ಟಿಯನ್ನೇ ಉದ್ದ ಮಾಡುತ್ತವೆ.

ನನ್ನ ದೃಷ್ಟಿಯಲ್ಲಿ ಪಾಠಕ್ಕೆ ಹೆಚ್ಚು ಒದಗುವ ಜಾಗ ತಾರಸಿ. ದುಂಡುಮೇಜಿನ ಪರಿಷತ್ತಿನಿಂದ 1931ರ ಡಿಸೆಂಬರ್ 28ರಂದು ಮರಳಿದ ಗಾಂಧಿಯನ್ನು ಪೊಲೀಸರು 1932ರ ಜನವರಿ 4ರ ನಸುಕಿನಲ್ಲಿ ಬಂಧಿಸಿದ್ದು ಇಲ್ಲಿನ ಡೇರೆಯಿಂದ. ಇಲ್ಲಿಂದ ಪಾಠವನ್ನು ಬೀದಿಗೂ ಒಯ್ಯಬಹುದು. ‘ಭಾರತ ಬಿಟ್ಟು ತೊಲಗಿ’ ಕರೆ ಮೊಳಗಿದ ಗೋವಾಲಿಯಾ ಟ್ಯಾಂಕ್ ಮೈದಾನ ನಡೆದುಹೋಗುವಷ್ಟು ದೂರ. ಕನ್ನಡದ ತಂಡ ಬಂದರೆ ಇನ್ನೊಂದು ಹೆಸರನ್ನೂ ಸೇರಿಸಬೇಕು. ಮಂಗಳೂರಿನಲ್ಲಿ ಹುಟ್ಟಿದ ಉಮಾಬಾಯಿ ಕುಂದಾಪುರ, ಹುಬ್ಬಳ್ಳಿಗೆ ಹೋಗಿ ಸೇವಾದಳದ ಮಹಿಳೆಯರನ್ನು ಸಂಘಟಿಸುವ ಮೊದಲು, ಮಾವ ಆನಂದರಾಯರ ಬೆಂಬಲದಿಂದ ಹೆಂಗಸರಿಗೆ ಓದು ಕಲಿಸಿದ್ದು ಇದೇ ಗಾಮದೇವಿಯ ಮಹಿಳಾ ಸಮಾಜದಲ್ಲಿ.