ಕೊಬ್ಬಿಸಿದ ಕರು ಮತ್ತು ಅಬಲೂರಿನ ತ್ರಿಪದಿ

ಹಿರೇಕೆರೂರು ತಾಲ್ಲೂಕಿನ ಅಬಲೂರು ಎಂದರೆ ಶಾಸನ ಓದುವವರಿಗೆ ಸೋಮೇಶ್ವರ ಗುಡಿಯ ಏಕಾಂತದ ರಾಮಯ್ಯನ ಕಲ್ಲು ನೆನಪಾಗುತ್ತದೆ, ಮಿಕ್ಕವರಿಗೆ ಸರ್ವಜ್ಞ. ತಂದೆ ಮಾಸೂರಿನ ಬಸವರಸ, ತಾಯಿ ಅಬಲೂರಿನ ಕುಂಬಾರ ಮಾಳಿ ಎಂದು ಅವನ ಹೆಸರಿನ ತ್ರಿಪದಿಗಳೇ ಹೇಳುತ್ತವೆ. ಆ ತ್ರಿಪದಿಗಳನ್ನು ವರ್ಷಗಟ್ಟಲೆ ಹುಡುಕಿ ಕೂಡಿಹಾಕಿ 1924ರಲ್ಲಿ ಅಚ್ಚು ಹಾಕಿಸಿದವರು ಬಾಸೆಲ್ ಮಿಶನ್ನಿನ ಪಾದ್ರಿ ಉತ್ತಂಗಿ ಚನ್ನಪ್ಪನವರು (1881–1962). ಕೊಲ್ಲದಿರುವುದು ಎಲ್ಲರಿಗೂ ಒಪ್ಪಿಗೆಯಾಗುವ ಧರ್ಮ ಎಂಬರ್ಥದ ಸರ್ವಜ್ಞನ ಮಾತು ಬಹಳ ಜನರ ಬಾಯಲ್ಲಿದೆ. ಬೈಬಲ್ಲನ್ನು ಕೈಯಲ್ಲಿ ಹಿಡಿದ ಪಾದ್ರಿಗೆ ಈ ಮಾತು ಹೊರಗಿನದೋ ಒಳಗಿನದೋ? ಕನ್ನಡ ನಾಡಿನಲ್ಲಿ ಆ ಪ್ರಶ್ನೆ ಚನ್ನಪ್ಪನವರಿಗಿಂತ ಹಳೆಯದು.

ಕ್ರೈಸ್ತ ಸಸ್ಯಾಹಾರವನ್ನು ಸಮರ್ಥಿಸುವವರು ಸಾಮಾನ್ಯವಾಗಿ ಆದಿಕಾಂಡದ ಮೊದಲ ಅಧ್ಯಾಯವನ್ನು ಮುಂದಿಡುತ್ತಾರೆ. ಅಲ್ಲಿ ಮನುಷ್ಯನಿಗೂ ಮೃಗಗಳಿಗೂ ಕೊಟ್ಟ ಆಹಾರ ಸೊಪ್ಪು, ಕಾಳು, ಹಣ್ಣು. ಮಾಂಸಕ್ಕೆ ಅಪ್ಪಣೆ ಸಿಗುವುದು ಜಲಪ್ರಳಯ ಇಳಿದ ಮೇಲೆ, ನೋಹನಿಗೆ. 1809ರಲ್ಲಿ ಇಂಗ್ಲೆಂಡಿನ ಸಾಲ್ಫರ್ಡಿನಲ್ಲಿ ವಿಲಿಯಂ ಕೌಹರ್ಡ್ ತನ್ನ ಸಭೆಯವರಿಂದ ಮಾಂಸ ಬಿಡಿಸಿದ್ದೂ ಧರ್ಮದ ಮಾತೆಂದೇ. ಆದರೆ ನಮ್ಮ ನಾಡಿನ ಕಥೆಗೆ ಆದಿಕಾಂಡಕ್ಕಿಂತ ಪೌಲನ ಒಂದು ಮಾತು ಹತ್ತಿರ: ನನ್ನ ಊಟ ಸಹೋದರನನ್ನು ಎಡವಿಸುವುದಾದರೆ ನಾನೆಂದೂ ಮಾಂಸ ಮುಟ್ಟೆನು ಎಂಬ, ಕೊರಿಂಥದವರಿಗೆ ಬರೆದ ಮಾತು. ಇಲ್ಲಿ ಮಾಂಸ ಬಿಟ್ಟ ಪಾದ್ರಿಗಳ ಕಣ್ಣು ಪ್ರಾಣಿಯ ಮೇಲಿರಲಿಲ್ಲ, ಪಂಕ್ತಿಯ ಮೇಲಿತ್ತು.

ಆ ದಾರಿ ಹಾಕಿದವನು 1606ರಲ್ಲಿ ಮದುರೆಗೆ ಬಂದ ಯೇಸುಸಭೆಯ ರಾಬರ್ಟೊ ಡಿ ನೊಬಿಲಿ. ಕಾವಿ ಉಟ್ಟು, ದಿನಕ್ಕೊಂದೇ ಊಟ: ಅನ್ನ, ಸೊಪ್ಪು, ಹಾಲು. 1649ರ ಸುಮಾರಿಗೆ ಶ್ರೀರಂಗಪಟ್ಟಣದಲ್ಲಿ ಮೈಸೂರು ಮಿಶನ್ ಆರಂಭಿಸಿದ ಲಿಯೊನಾರ್ಡೊ ಚಿನ್ನಾಮಿಯೂ ಸನ್ಯಾಸಿ ವೇಷದಲ್ಲೇ ಇದ್ದು ಕನ್ನಡ ಕಲಿತು ಬರೆದವನು. ಈ ಸಸ್ಯಾಹಾರದ ಬೆಲೆಯನ್ನು ಮಾತ್ರ ಬೇರೆಯವರು ತೆತ್ತರು. ಮೇಲ್ಜಾತಿಯ ಮನೆಗೆ ಹೋಗುವ ಸನ್ಯಾಸಿ ಪಾದ್ರಿ ಹೊಲಗೇರಿಗೆ ಬಹಿರಂಗವಾಗಿ ಕಾಲಿಡುವಂತಿರಲಿಲ್ಲ. ಅದಕ್ಕಾಗಿ 1640ರಿಂದ ಮದುರೆ ಮಿಶನ್ನಿನಲ್ಲಿ ‘ಪಂಡಾರಸ್ವಾಮಿ’ ಎಂಬ ಎರಡನೆಯ ಬಗೆಯ ಪಾದ್ರಿಗಳನ್ನೇ ಮಾಡಿಕೊಳ್ಳಬೇಕಾಯಿತು. ಮಾಂಸ ಬಿಡುವುದೆಂದರೆ ದಯೆ ಎಂದು ಒಂದೇ ಉಸಿರಿಗೆ ಹೇಳುವವರು ಇಲ್ಲಿ ಸ್ವಲ್ಪ ನಿಲ್ಲಬೇಕು.

ಮೈಸೂರು ಸೀಮೆಯಲ್ಲಿ ಬಹುಕಾಲ ಇದ್ದ ಫ್ರೆಂಚ್ ಪಾದ್ರಿ ದ್ಯುಬುವಾ 1823ರಲ್ಲಿ ಪ್ರಕಟಿಸಿದ ಪತ್ರಗಳಲ್ಲಿ ಇದೇ ಊಟದ ತೊಡಕು ಬರುತ್ತದೆ. ತಪ್ಪಿಹೋದ ಮಗನ ಸಾಮ್ಯವನ್ನು ಅವನು ಪ್ರವಚನದಲ್ಲಿ ಹೇಳುತ್ತಿದ್ದ. ಮಗ ಮರಳಿ ಬಂದ ಸಂತೋಷಕ್ಕೆ ತಂದೆ ಕೊಬ್ಬಿಸಿದ ಕರುವನ್ನು ಕೊಯ್ಯಿಸಿದ ಎಂಬಲ್ಲಿ ಕೇಳುತ್ತಿದ್ದವರು ಮುಖ ಸಿಂಡರಿಸಿದರು. ಅವರು ಹೊಸಬರಲ್ಲ, ಕ್ರೈಸ್ತರೇ. ಕರುವಿನ ಜಾಗದಲ್ಲಿ ಕುರಿಮರಿ ಇಡಿ ಎಂಬ ಸಲಹೆ ಆಮೇಲೆ ಬಂತು. ಜ್ಞಾನಸ್ನಾನವಾದ ಮೇಲೂ ಹಟ್ಟಿಯ ಕರು ಕರುವಾಗಿಯೇ ಉಳಿದಿತ್ತು; ಕುರಿಮರಿಗೆ ಆ ಭಾಗ್ಯ ಇರಲಿಲ್ಲ.

ಕರಾವಳಿಯ ಕೊಂಕಣಿ ಕ್ರೈಸ್ತರಲ್ಲಿ ಇನ್ನೊಂದು ದಾರಿ ಕಾಣುತ್ತದೆ, ಅದು ಗದ್ದೆಯಿಂದ ಬಂದದ್ದು. ಸೆಪ್ಟೆಂಬರ್ 8ರ ಮೊಂತಿ ಫೆಸ್ತ್ ಮರಿಯಮ್ಮನ ಹುಟ್ಟುಹಬ್ಬವೂ ಹೌದು, ತೆನೆಹಬ್ಬವೂ ಹೌದು. ಮೀನಿಲ್ಲದೆ ಅನ್ನ ಇಳಿಯದ ಮನೆಗಳಲ್ಲೂ ಅಂದು ಮೀನು ಮಾಂಸ ಇಲ್ಲ. ಇಗರ್ಜಿಯಲ್ಲಿ ಆಶೀರ್ವಾದ ಪಡೆದ ತೆನೆ ಮನೆಗೆ ಬರುತ್ತದೆ. ಅದರ ಕಾಳನ್ನು ಸುಲಿದು ಹಾಲಿಗೋ ಪಾಯಸಕ್ಕೋ ಬೆರೆಸಿ ಮೊದಲು ಹಂಚುತ್ತಾರೆ. ಆಮೇಲೆ ಬಾಳೆಲೆಯ ಮೇಲೆ ಹರಿವೆ ದಂಟು, ಬೆಂಡೆ, ಹೀರೆ. ಪಲ್ಯಗಳ ಎಣಿಕೆ ಮೂರು, ಐದು, ಏಳು ಹೀಗೆ ಬೆಸವಾಗಿರಬೇಕು. ಇಲ್ಲಿ ಯಾರನ್ನೂ ಪಂಕ್ತಿಯಿಂದ ಎಬ್ಬಿಸುವ ಲೆಕ್ಕವಿಲ್ಲ, ಹೊಸ ಅಕ್ಕಿಗೆ ಎಲೆಯಲ್ಲಿ ಮೊದಲ ಜಾಗ, ಅಷ್ಟೆ.

ಈ ಎರಡು ದಾರಿಗಳನ್ನೂ ನೋಡಿ ಅಬಲೂರಿಗೆ ಮರಳಿದರೆ ಸರ್ವಜ್ಞನ ಮಾತು ಬೇರೆಯಾಗಿ ಕೇಳಿಸುತ್ತದೆ. ಕೊಲ್ಲಬೇಡ ಎಂದವನೇ ನಡೆಯುವ ನೆಲ, ಕುಡಿಯುವ ನೀರು, ಸುಡುವ ಬೆಂಕಿ ಎಲ್ಲರಿಗೂ ಒಂದೇ ಇರುವಾಗ ನಡುವೆ ಕುಲಗೋತ್ರ ಎಲ್ಲಿಂದ ಬಂತು ಎಂದೂ ಕೇಳಿದ್ದಾನೆ. ಮದುರೆಯ ಸನ್ಯಾಸಿ ಪಾದ್ರಿಗಳು ಮೊದಲನೆಯದನ್ನು ಹಿಡಿಯಲು ಎರಡನೆಯದನ್ನು ಬಿಟ್ಟರು. ಜಾತಿಯನ್ನು ಸಭೆಯೊಳಗೆ ಬಿಡಬಾರದೆಂದು ಹಟ ಹಿಡಿದ ಬಾಸೆಲ್ ಮಿಶನ್ ಎರಡನೆಯದನ್ನು ಹಿಡಿಯಿತು, ಮೊದಲನೆಯದನ್ನು ಕೇಳಿಸಿಕೊಳ್ಳಲಿಲ್ಲ. ಲಿಂಗಾಯತ ಮೂಲದ ಮನೆತನದಲ್ಲಿ ಹುಟ್ಟಿ ಅದೇ ಮಿಶನ್ನಿನ ಪಾದ್ರಿಯಾದ ಚನ್ನಪ್ಪನವರು ಕುಂಬಾರ ಮಾಳಿಯ ಮಗನ ಎರಡೂ ಮಾತುಗಳನ್ನು ಕನ್ನಡಿಗರ ಕೈಗಿಟ್ಟರು.