ಗುಲಾಮ ಹೆಣ್ಣಿನ ಪರ ನಿಂತ ವಕೀಲ, ರೈತರ ಎದುರು ನಿಂತ ರಾಜಕಾರಣಿ

1781ನೇ ಇಸವಿ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಶೆಫೀಲ್ಡ್ ಎಂಬ ಊರು. ಬೆಟ್ ಎಂಬ ಕಪ್ಪು ಮಹಿಳೆ ವಕೀಲ ಥಿಯೋಡೋರ್ ಸೆಡ್ಜ್‌ವಿಕ್ ಬಳಿ ಬಂದರು. ಅವರು ಊರಿನ ದೊಡ್ಡ ಕುಳ ಕರ್ನಲ್ ಜಾನ್ ಆಶ್ಲಿ ಮನೆಯ ಗುಲಾಮರು. ಮನೆಯೊಡತಿ ಕಾದ ಸಲಿಕೆಯಿಂದ ಇನ್ನೊಬ್ಬ ಹುಡುಗಿಗೆ ಹೊಡೆಯಲು ಹೋದಾಗ ಅಡ್ಡ ಬಂದು ತೋಳು ಸುಟ್ಟುಕೊಂಡಿದ್ದರು.

ಬೆಟ್‌ಗೆ ಓದು ಬರಹ ಬರುತ್ತಿರಲಿಲ್ಲ. ಆದರೆ ಎಲ್ಲರೂ ಹುಟ್ಟಿನಿಂದ ಸ್ವತಂತ್ರರು, ಸಮಾನರು ಎಂಬ ಮಾತು ಕಿವಿಗೆ ಬಿದ್ದಿತ್ತು. 1780ರ ರಾಜ್ಯ ಸಂವಿಧಾನದಲ್ಲೇ ಅದು ಬರೆದಿತ್ತು. ಹಾಗಾದರೆ ನನಗ್ಯಾಕಿಲ್ಲ ಎಂಬುದು ಅವರ ಪ್ರಶ್ನೆ.

ಇಲ್ಲೊಂದು ತಮಾಷೆ ಇದೆ. 1773ರಲ್ಲಿ ಬ್ರಿಟಿಷರ ವಿರುದ್ಧ ಹಕ್ಕುಗಳ ನಿರ್ಣಯ ಬರೆದವರಲ್ಲಿ ಸೆಡ್ಜ್‌ವಿಕ್ ಕೂಡ ಒಬ್ಬರು. ಅದನ್ನು ಬರೆದದ್ದು ಇದೇ ಆಶ್ಲಿ ಮನೆಯಲ್ಲಿ!

ಪರಿಚಯದವರು ಎಂದು ಸೆಡ್ಜ್‌ವಿಕ್ ಹಿಂದೆ ಸರಿಯಲಿಲ್ಲ. ಟ್ಯಾಪಿಂಗ್ ರೀವ್ ಎಂಬ ಇನ್ನೊಬ್ಬ ವಕೀಲರೂ ಜೊತೆಗೂಡಿದರು. ಬೆಟ್ ಜೊತೆ ಬ್ರಾಮ್ ಎಂಬ ಗುಲಾಮನ ಹೆಸರೂ ದಾವೆಗೆ ಸೇರಿತು. ಆಗಸ್ಟ್‌ನಲ್ಲಿ ಗ್ರೇಟ್ ಬ್ಯಾರಿಂಗ್ಟನ್ ಕೋರ್ಟಿನ ಜ್ಯೂರಿ ಇಬ್ಬರೂ ಸ್ವತಂತ್ರರು ಎಂದಿತು. 30 ಷಿಲ್ಲಿಂಗ್ ಪರಿಹಾರವೂ ಸಿಕ್ಕಿತು. ಆಶ್ಲಿ ಮೇಲ್ಮನವಿ ಹಾಕಿ, ಆಮೇಲೆ ಕೈಬಿಟ್ಟರು.

ಬೆಟ್ ಎಲಿಜಬೆತ್ ಫ್ರೀಮನ್ ಎಂದು ಹೊಸ ಹೆಸರು ಇಟ್ಟುಕೊಂಡರು. ಸೆಡ್ಜ್‌ವಿಕ್ ಮನೆಯಲ್ಲೇ ಸಂಬಳಕ್ಕೆ ಕೆಲಸಕ್ಕೆ ಸೇರಿದರು.

ಕಥೆ ಇಲ್ಲಿಗೇ ಮುಗಿದಿದ್ದರೆ ಸೆಡ್ಜ್‌ವಿಕ್ ಬರೀ ಹೀರೋ. ಆದರೆ 1786ರಲ್ಲಿ ಸಾಲ, ತೆರಿಗೆಯಿಂದ ಬೇಸತ್ತ ಅದೇ ರಾಜ್ಯದ ರೈತರು ಡೇನಿಯಲ್ ಶೇಸ್ ಮುಂತಾದವರ ನೇತೃತ್ವದಲ್ಲಿ ದಂಗೆ ಎದ್ದರು. ಜಮೀನು ಜಪ್ತಿ ನಿಲ್ಲಲಿ ಎಂದು ಕೋರ್ಟುಗಳನ್ನೇ ಮುಚ್ಚಿಸಿದರು. ಆಗ ಸೆಡ್ಜ್‌ವಿಕ್ ನಿಂತಿದ್ದು ಸರ್ಕಾರದ ಕಡೆ. ದಂಗೆಕೋರರು ಅವರ ಸ್ಟಾಕ್‌ಬ್ರಿಡ್ಜ್ ಮನೆಗೆ ನುಗ್ಗಿದಾಗ ಬೆಳ್ಳಿ ಸಾಮಾನು ಕಾಪಾಡಿದ್ದು ಫ್ರೀಮನ್.

ಮುಂದೆ ಸೆಡ್ಜ್‌ವಿಕ್ ಫೆಡರಲಿಸ್ಟ್ ಪಕ್ಷದಿಂದ ಸಂಸದರಾದರು, ಸೆನೆಟರ್ ಆದರು. 1799ರಿಂದ 1801ರವರೆಗೆ ಕೆಳಮನೆಯ ಸ್ಪೀಕರ್ ಆಗಿದ್ದರು. 1802ರಿಂದ 1813ರಲ್ಲಿ ಸಾಯುವವರೆಗೂ ರಾಜ್ಯದ ಸರ್ವೋಚ್ಚ ನ್ಯಾಯಾಲಯದ ನ್ಯಾಯಾಧೀಶರು.

ಒಬ್ಬ ಗುಲಾಮ ಹೆಣ್ಣಿಗೆ ಸಂವಿಧಾನ ಅನ್ವಯಿಸುತ್ತದೆ ಎಂದು ಕಂಡ ಕಣ್ಣಿಗೆ, ಸಾಲಗಾರ ರೈತನ ಸಂಕಟ ಕಾನೂನು ಮುರಿದವನ ಗಲಾಟೆಯಾಗಿ ಕಂಡಿತು. ಎರಡೂ ನಿಜ. ಒಂದನ್ನು ಹೇಳಿ ಇನ್ನೊಂದನ್ನು ಮುಚ್ಚಿಡಬಾರದು.

ಇಷ್ಟು ಹುದ್ದೆ ಏರಿದರೂ ಇವತ್ತು ಅವರ ಹೆಸರು ಹೆಚ್ಚಾಗಿ ಕೇಳಿಬರುವುದು ಆ 30 ಷಿಲ್ಲಿಂಗ್ ಕೇಸಿನಿಂದ. 1829ರಲ್ಲಿ ತೀರಿಕೊಂಡ ಫ್ರೀಮನ್ ಸಮಾಧಿ ಇರುವುದೂ ಸೆಡ್ಜ್‌ವಿಕ್ ಕುಟುಂಬದ ಸ್ಮಶಾನದಲ್ಲೇ. ಆದರೆ ಮೊದಲು ಪ್ರಶ್ನೆ ಕೇಳಿದವರು ವಕೀಲರಲ್ಲ, ಅಕ್ಷರ ಬಾರದ ಆ ಹೆಣ್ಣುಮಗಳು.